ಐದನೆಯವನಿಗಾಗಿ ಕಲಿತ ಅಲೆಯ ಮಾತು

ಇಷ್ಟಕ್ಕೆಲ್ಲ ಕಾರಣ ಒಂದು ಬಯೋಡಾಟಾ. ಸಮಾಜದ ವಾಟ್ಸಾಪ್ ಗ್ರೂಪಿನಲ್ಲಿ ಸುತ್ತಿ ಸುತ್ತಿ ಬಂದ ಅದರಲ್ಲಿ, ಮುಲ್ಕಿಯ ರಂಜನ್ ಎಂಬ ಹುಡುಗನ ಉದ್ಯೋಗ 'ಸರ್ಫಿಂಗ್ ಕಲಿಸುವುದು', ಅಂದರೆ ಹಲಗೆಯ ಮೇಲೆ ನಿಂತು ಕಡಲಿನ ಅಲೆ ಏರುವುದನ್ನು ಕಲಿಸುವುದು, ಎಂದಿತ್ತು. ಭಾನುವಾರ ಸಂಜೆ ಐದಕ್ಕೆ ಅವನು ಘಣಸೋಲಿಗೆ ಹುಡುಗಿ ನೋಡಲು ಬರುವವನಿದ್ದ.

ಹುಡುಗಿ ಅಶ್ಮಿತಾ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಹೊಸಬರೆದುರು ಅವಳ ಬಾಯಿ ಬಿಗಿ ಮುಚ್ಚಳದ ಉಪ್ಪಿನಕಾಯಿ ಬಾಟಲಿ. ಎಷ್ಟು ತಿರುಗಿಸಿದರೂ ತೆರೆಯದು. ನಾಲ್ವರು ಬಂದು, "ಹುಡುಗಿ ಮಾತೇ ಆಡುವುದಿಲ್ಲ" ಎಂದು ಹೋಗಿದ್ದರು. ಈ ಐದನೆಯವನ ಫೋಟೊವನ್ನು ಅವಳು ಯಾರಿಗೂ ಕಾಣದಂತೆ ಹತ್ತು ಸಲ ನೋಡಿದ್ದಳು. ಅವನೂ ಕ್ಯಾಮೆರಾಕ್ಕೆ ನಾಚಿಕೊಂಡಂತಿತ್ತು.

"ಈ ಸಲ ಬಾಯಿ ಬಿಡಬೇಕ ನೋಡವಾ," ಎಂದು ಎದುರುಮನೆಯ ರತ್ನಾಬಾಯಿ ಬೆಳಿಗ್ಗೆಯೇ ಬಂದು ಕೂತರು. "ಅಂವನ ಕೆಲಸದ ಬಗ್ಗೆನ ಮಾತಾಡು. ಹೂವಿನಂಗ ಅರಳ್ತಾನ."

ಮಾತು ಹುಡುಕಿಕೊಟ್ಟವಳು ಮೇಲಿನ ಮಹಡಿಯ ಸೌಜನ್ಯ. ಅವಳಿಗೆ ಕನ್ನಡ ಕಿವಿಗೆ ಮಾತ್ರ, ಬಾಯಿಗೆ ಹಿಂದಿ. "ದೇಖೋ ದೀದಿ, ಬಿಗಿನರ್ಸ್ ಕೇ ಲಿಯೇ," ಎಂದು ಹೊಸದಾಗಿ ಸರ್ಫಿಂಗ್ ಕಲಿಯುವವರ ಪದಗಳಿದ್ದ ಫೋನ್ ಹಿಡಿದಳು. ಹಲಗೆಯಿಂದ ಬಿದ್ದರೆ ವೈಪ್‌ಔಟ್. ಖುಷಿಯಿಂದ ಉಬ್ಬಿದವರು ಸ್ಟೋಕ್ಡ್. ಬಲಗಾಲು ಮುಂದಿಟ್ಟು ನಿಲ್ಲುವವರು ಗೂಫಿ.

"ಆಪ್ ಗೂಫಿ ಹೈಂ ಕ್ಯಾ? ಚೆಕ್ ಕರ್ತೇ ಹೈಂ," ಎಂದು ಸೌಜನ್ಯ, ಯಾವ ಕಾಲು ಮುಂದೆ ಹೋಗುತ್ತದೆಂದು ನೋಡಲು, ಹಿಂದಿನಿಂದ ತಳ್ಳಿಯೇಬಿಟ್ಟಳು. ಅಶ್ಮಿತಾಳ ಬಲಗಾಲು ಮುಂದಕ್ಕೆ ಹೋಯಿತು. ಕೈ, ನೀರುದೋಸೆ ಹಿಟ್ಟಿನ ಪಾತ್ರೆಯೊಳಕ್ಕೆ.

"ಬಲಗಾಲು! ಗಂಡನ ಮನಿಗೆ ಕಾಲಿಟ್ಟಂಗ ಆತು!" ರತ್ನಾಬಾಯಿ ಕೈಮುಗಿದರು.

ಮಧ್ಯಾಹ್ನ ಪಾಪ್‌ಅಪ್ ಕಲಿಕೆ: ಬೋರಲು ಮಲಗಿ ಒಂದೇ ನೆಗೆತಕ್ಕೆ ಎದ್ದು ನಿಲ್ಲುವುದು. ಮೂರನೆಯ ನೆಗೆತಕ್ಕೆ ಮಂಚದ ಕಾಲು ಮುರಿಯಿತು.

"ವೈಪ್‌ಔಟ್!" ರತ್ನಾಬಾಯಿ ಚಪ್ಪಾಳೆ ತಟ್ಟಿದರು.

"ಎಂತ ಮಾರಾಯ್ರೆ ಇದು! ಇನ್ನು ಹುಡುಗ ಎಲ್ಲಿ ಕೂರುವುದು?" ಎಂದು ಅಮ್ಮ ವಿನೋದಾ ಮಂಚದಡಿಗೆ ಅಕ್ಕಿ ಡಬ್ಬ ತುರುಕಿದರು.

ಐದಕ್ಕೆ ಸರಿಯಾಗಿ ರಂಜನ್ ಒಬ್ಬನೇ ಬಂದ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಎಲ್ಲರೂ ರತ್ನಾಬಾಯಿಯ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಶ್ಮಿತಾ ಚಹಾ ಇಟ್ಟು ಕೂತಳು. ಐದು ನಿಮಿಷ ಇಬ್ಬರೂ ಸುಮ್ಮನಿದ್ದರು. ಅವನ ಮುಖ ಸಡಿಲವಾಯಿತು. ಫೋನಿನಲ್ಲಿ ಏನೋ ಬರೆಯತೊಡಗಿದ. ಬೇಸರವಾಯಿತೇನೋ, ಇವನೂ ಹೋಗುವನೇನೋ ಎಂದುಕೊಂಡಳು. ಕಣ್ಣು ಮುಚ್ಚಿ ಒಂದೇ ಉಸಿರಿಗೆ ಒಪ್ಪಿಸಿದಳು.

"ಬಿದ್ದರೆ ವೈಪ್‌ಔಟ್. ನಾನು ಗೂಫಿ. ಅಲೆ ಒಬ್ಬರನ್ನು ನೀರಿನಡಿಯಲ್ಲೇ ಹಿಡಿದಿಟ್ಟರೆ ಹೋಲ್ಡ್‌ಡೌನ್."

ಕಣ್ಣು ತೆರೆದಾಗ ಅವನು ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟಿದ್ದ.

"ಅದು ಹಳೇ ಬಯೋಡಾಟಾ," ಎಂದ ಮೆಲ್ಲನೆ. "ನಾನೀಗ ಇಲ್ಲೇ ಹತ್ತಿರ ವಾಶಿಯಲ್ಲಿ, ಮಾವನ ಹೋಟೆಲಿನಲ್ಲಿ ಇರುವುದು. ತಮ್ಮನಿಗೆ ಸರ್ಫಿಂಗ್ ಕಲಿಸಿದ್ದು ನಾನೇ. ನೀವು ಕೊನೆಗೆ ಹೇಳಿದಿರಲ್ಲ, ಅದೇ ಆದದ್ದು. ಅವ ಮೇಲೆ ಬರಲೇ ಇಲ್ಲ."

ತನ್ನ ಅಮ್ಮನಿಗೆಂದು ಫೋನಿನಲ್ಲಿ ಬರೆದದ್ದನ್ನು ಅವನು ತೋರಿಸಿದ: 'ನನಗೆ ಒಪ್ಪಿಗೆ. ಏನೂ ಕೇಳುವುದಿಲ್ಲ ಇವಳು. ಎರಡು ವರ್ಷದ ಮೇಲೆ ಇವತ್ತು ಮನಸ್ಸಿಗೆ ಸಮಾಧಾನ.'

"ನಿಮ್ಮದು ತಪ್ಪಿಲ್ಲ. ಆದರೆ ಇನ್ನು ನಿಮ್ಮನ್ನು ನೋಡಿದಾಗೆಲ್ಲ ನನಗೆ ಅದೇ ಮಾತು ಕೇಳ್ತದೆ." ಅವಳೆದುರೇ ಬರೆದದ್ದನ್ನು ಅಳಿಸಿ, ಚಪ್ಪಲಿ ಮೆಟ್ಟಿ ಇಳಿದುಹೋದ.

ಎದುರುಮನೆಯ ಬಾಗಿಲು ತೆರೆಯಿತು. "ಏನಂದ? ಏನಾತು?"

ಅಶ್ಮಿತಾ ಅರ್ಧ ಉಳಿದ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದಳು.

ರತ್ನಾಬಾಯಿ ಹಣೆ ಚಚ್ಚಿಕೊಂಡರು. "ನೋಡಿದ್ರೇನು ವಿನೋದಕ್ಕಾ! ಇಷ್ಟೆಲ್ಲ ಕಲಿಸಿದ್ರೂ ಮತ್ತ ಸುಮ್ಮನ ಕುಂತಾಳ. ಒಂದಽ ಒಂದು ಮಾತು ಆಡಿದ್ರ ಇವತ್ತ ಕೆಲಸ ಆಗಿಬಿಡ್ತಿತ್ತು!"