ಬೇವಿನ ಗಿಡದ ವಕಾಲತ್ತು

ಗಂಡನನ್ನು ಎಂಟು ವರ್ಷ ಬೇಡಿಕೊಂಡ ಮೇಲೆ ಸಾವಕ್ಕನ ಹಿತ್ತಿಲಲ್ಲಿ ಪಾಯಖಾನೆಯ ಗುಂಡಿ ತೋಡುವ ಕೆಲಸ ಶುರುವಾಗಿತ್ತು. ಶಲವಡಿಯ ಹೆಂಗಸರು ಬೆಳಕು ಹರಿಯುವ ಮೊದಲೇ ಹೊಲದ ಕಡೆ ಹೋಗಿ ಬರಬೇಕು. ಮೊಣಕಾಲು ಹಿಡಿದುಕೊಂಡಿದ್ದ ಸಾವಕ್ಕನಿಗೆ ಆ ದಾರಿ ವರ್ಷ ವರ್ಷ ಉದ್ದವಾಗುತ್ತಿತ್ತು. ಗಂಡ ಶಿದ್ಲಿಂಗಪ್ಪ ನವಲಗುಂದದ ವಕೀಲರೊಬ್ಬರ ಹತ್ತಿರ ಹತ್ತೊಂಬತ್ತು ವರ್ಷ ಕಾರಕೂನನಾಗಿದ್ದವನು. (ಊಟಕ್ಕೆ ಕರೆದರೆ, ಕರೆದದ್ದಕ್ಕೆ ಸಾಕ್ಷಿ ಕೇಳುವ ಆಸಾಮಿ.)

ಗುಂಡಿ ಎದೆಮಟ್ಟ ಆದ ದಿನ ಬಾಜು ಮನೆಯಲ್ಲಿರುವ ಅವನ ತಮ್ಮ ತಿರಕಪ್ಪ ಕೊಡಲಿ ಹಿಡಿದು ಬಂದ. ಎರಡು ಹಿತ್ತಿಲುಗಳ ನಡುವಿನ ಬೇವಿನ ಗಿಡ ಕಡಿದು ಅವನಿಗೆ ದನದ ಹೊಟ್ಟು ತುಂಬುವ ಕೋಣೆ ಕಟ್ಟಬೇಕಿತ್ತು.

"ಅಣ್ಣಾ, ಗಿಡಾ ಇಬ್ಬರದೂ. ಕಡದು ಅರ್ಧಾ ಅರ್ಧಾ ತಗೊಳ್ಳೂಣು."

ತನ್ನನ್ನು ಕೇಳದೆ ಕೊಡಲಿ ತಂದದ್ದು ಶಿದ್ಲಿಂಗಪ್ಪನಿಗೆ ನಾಟಿತು. "ಗಿಡಾ ನಿಂದೂ ಅಲ್ಲ, ನಂದೂ ಅಲ್ಲ. ಅದು ಅದರದ. ಗುಡಿಯೊಳಗಿನ ದೇವರ ಹೆಸರೀಲೆ ಹೊಲಾ ಇರ್ತಾವು, ದೇವರು ಕೋರ್ಟಿನ್ಯಾಗ ಫಿರ್ಯಾದಿ ಆಗ್ತಾರ. ಗಿಡಾ ಯಾಕ ಆಗಬಾರದು?"

"ಗಿಡದ ಮಾತ ಆಮ್ಯಾಲ ಆಡ್ರಿ," ಎಂದಳು ಸಾವಕ್ಕ. "ಮೊದಲ ಗುಂಡಿ ಮ್ಯಾಲ ಹಾಕಾಕ ಕಲ್ಲ ತರಸ್ರಿ."

"ಸುಮ್ನಿರು ಬೇ. ಇದು ಕಾಯದೆದ ವಿಷಯ."

ಮರುದಿನ ಗಿಡದ ಕೆಳಗೇ ಊರ ಹಿರಿಯರು ನ್ಯಾಯ ಹೇಳಲು ಕೂತರು. ಬೇವಿನ ಪರವಾಗಿ ಶಿದ್ಲಿಂಗಪ್ಪ ಒಂದು ತಾಸು ವಾದಿಸಿದ. ಅದಕ್ಕೆ ಹಸಿವುಂಟು, ನೀರಡಿಕೆಯುಂಟು, ಆದ್ದರಿಂದ ಹಕ್ಕೂ ಉಂಟು ಎಂದ. ಜನ್ಮದಲ್ಲಿ ಮೊದಲ ಬಾರಿ ವಕೀಲರ ಹಿಂದೆ ನಿಲ್ಲದೆ ತಾನೇ ಮಾತಾಡಿದ್ದ, ಕಣ್ಣುಗಳು ಒದ್ದೆಯಾಗಿದ್ದವು. ಕೊನೆಗೆ ಹಿರಿಯ ಗುಡದಪ್ಪ ಕೇಳಿದ:

"ಇದರ ಮೈ ಎಲ್ಲಿತನಾ ಐತೋ?"

"ಮ್ಯಾಲ ತುದಿ ಟೊಂಗಿತನಾ, ಕೆಳಗ ಕಡೀ ಬೇರಿನತನಾರಿ," ಎಂದ ಶಿದ್ಲಿಂಗಪ್ಪ ಹುರುಪಿನಲ್ಲಿ.

"ಹಂಗಾದ್ರ ಗಿಡಾನೂ ಈ ಮನಿ ಮನಶ್ಯಾನ. ಮ್ಯಾಲ ಕೊಡ್ಲಿ ಬೀಳಬಾರದು, ಕೆಳಗ ಗುದ್ದಲಿ ಬೀಳಬಾರದು."

ತಿರಕಪ್ಪ ಸಾವಕಾಶವಾಗಿ ಎದ್ದು ಗುಂಡಿಯೊಳಗೆ ಇಣುಕಿದ. "ಇಲ್ಲಿ ಮೂರ ಬೇರ ಕಡದಾವ್ರಿ," ಎಂದ.

ಹೊತ್ತು ಮುಳುಗುವುದರೊಳಗೆ ಗುಂಡಿ ಮುಚ್ಚಬೇಕೆಂದು ತೀರ್ಪಾಯಿತು. ಬೇರು ಹರಡದ ಜಾಗ ಆ ಹಿತ್ತಿಲಿನಲ್ಲಿ ಗೇಣಷ್ಟೂ ಇರಲಿಲ್ಲ. ಜನ ಗೆದ್ದ ಶಿದ್ಲಿಂಗಪ್ಪನ ಬೆನ್ನು ತಟ್ಟಿ ಹೋದರು.

ಸಾವಕ್ಕ ಅಳಲಿಲ್ಲ. ಸೆರಗಿನಿಂದ ಮೊಣಕಾಲಿನ ಮಣ್ಣು ಒರೆಸಿಕೊಂಡು ಕೇಳಿದಳು:

"ಗಿಡಕ್ಕ ನೀವ ನಿಂತ್ರಿ. ನನ್ನ ಕಡಿಂದ ಯಾರ ನಿಲ್ಲಬೇಕಾಗಿತ್ತರಿ?"

ಶಿದ್ಲಿಂಗಪ್ಪ ಸಲಿಕೆ ತೆಗೆದುಕೊಂಡು ಗುಂಡಿಗೆ ಮಣ್ಣು ಎಳೆಯತೊಡಗಿದ.