ಕಾಕಾ ಒಂದು ದಿನ ಆಳಿದ ದ್ವೀಪ

ನಮ್ಮ ಕಾಕಾ ಸಮುದ್ರ ಕಂಡವನಲ್ಲ, ವಿಮಾನ ಹತ್ತಿದವನಲ್ಲ, ಈಜಂತೂ ಮೊದಲೇ ಬರುವುದಿಲ್ಲ. ಆದರೂ ಬೆಳಗಿನಿಂದ ಸಂಜೆಯವರೆಗೆ ಒಂದು ದ್ವೀಪವನ್ನು ಆಳಿದ ಬ್ಯಾಡಗಿಯ ಏಕೈಕ ಮೆಣಸಿನಕಾಯಿ ದಲಾಲ ಯಾರಾದರೂ ಇದ್ದರೆ ಅದು ಅವನೇ! ನಗಬೇಡಿ. ಆ ದ್ವೀಪದಲ್ಲಿ ನಾನೂ ಇದ್ದೆ. ಅಲ್ಲಿಯ ಉರಿ ನನ್ನ ಕಾಲುಗಳಿಗೆ ಇವತ್ತಿಗೂ ನೆನಪಿದೆ.

ಮೊದಲು ಕಾಕಾನ ಸ್ವಭಾವ ಹೇಳಬೇಕು. ಬ್ಯಾಡಗಿಗೆ ಹೊಸಬರು ಬಂದರೆ ಬಸ್ಸು ಇಳಿಯುವ ಮೊದಲೇ ಸೀನುತ್ತಾರೆ. ಕಾಕಾ ಮಾತ್ರ ಮೆಣಸಿನಕಾಯಿ ರಾಶಿಗೆ ಒರಗಿಕೊಂಡು ಆರಾಮಾಗಿ ಚಹಾ ಕುಡಿಯುವವನು. ಖಾರಕ್ಕೆ ಹೆದರದ ಈ ಮನುಷ್ಯ ನೀರಿಗೆ ಹೆದರುತ್ತಿದ್ದ! ಹರಿಹರದ ಹತ್ತಿರ ಬಸ್ಸು ಸೇತುವೆ ಏರಿತೆಂದರೆ ಸಾಕು, ಕಣ್ಣು ಮುಚ್ಚಿ, “ಹೊಳಿ ದಾಟಿತೇನ್ರಿ?” ಎಂದು ಪಕ್ಕದವರನ್ನು ಕೇಳುತ್ತಿದ್ದ. ಒಮ್ಮೆ ಪಕ್ಕದಲ್ಲಿದ್ದವನು ಕುಚೇಷ್ಟೆಯವನು. ಕೇಳಿದಾಗಲೆಲ್ಲ “ಇನ್ನೂ ಇಲ್ರಿ” ಎನ್ನುತ್ತಲೇ ಹೋದ. ಹರಿಹರದಲ್ಲಿ ಇಳಿಯಬೇಕಾಗಿದ್ದ ಕಾಕಾ ಕಣ್ಣು ಬಿಟ್ಟಿದ್ದು ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ!

ಇನ್ನು ಅವನ ಟವೆಲ್ಲು. ದನದ ಸಂತೆಯಲ್ಲಿ ನೀವು ನೋಡಿರಬಹುದು: ಇಬ್ಬರು ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳು ಒತ್ತಿ ದರ ಹೇಳುತ್ತಾರೆ. ಒತ್ತಿದವನನ್ನೂ ಒತ್ತಿಸಿಕೊಂಡವನನ್ನೂ ಬಿಟ್ಟರೆ ಮೂರನೆಯವನಿಗೆ ಗೊತ್ತಾಗಬಾರದು. ವ್ಯವಹಾರ ಮುಗಿದ ಮೇಲೆಯೇ ಟವೆಲ್ಲು ಸರಿಯುವುದು. ಕಾಕಾ ಈ ಪದ್ಧತಿಯನ್ನು ಸಂತೆಯಿಂದ ಅಡುಗೆಮನೆಗೆ ತಂದಿದ್ದ. ನಾಷ್ಟಾಕ್ಕೆ ಉಪ್ಪಿಟ್ಟು ಬೇಕಾದವರು ಒಂದು ಬೆರಳು ಒತ್ತಬೇಕು, ಮಂಡಕ್ಕಿ ಬೇಕಾದವರು ಎರಡು. “ಬಾಯಿಲೆ ಕೇಳಿದ್ರ ಒಬ್ರು ಮಾರಿ ಒಬ್ರು ನೋಡಿ ಸುಳ್ಳು ಹೇಳ್ತಾರ. ಬೆರಳು ಸುಳ್ಳು ಹೇಳಂಗಿಲ್ಲ” ಎಂಬುದು ಅವನ ಸಿದ್ಧಾಂತ. ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಬಿಡಲಿಲ್ಲ. ಗಂಡಿನ ತಂದೆಯ ಕೈಯನ್ನು ಸರಕ್ಕನೆ ಟವೆಲ್ಲಿನ ಕೆಳಗೆ ಎಳೆದುಕೊಂಡ. ಆ ಹಿರಿಯರು ಗಾಬರಿಯಾಗಿ ಕೈ ಕೊಸರಿಕೊಂಡು, “ನಮಗ ವರದಕ್ಷಿಣಿ ಗಿರದಕ್ಷಿಣಿ ಏನೂ ಬ್ಯಾಡ್ರಿ!” ಎಂದುಬಿಟ್ಟರು. ಕಾಕಾ ಕೇಳಲು ಹೊರಟಿದ್ದು ಚಹಾನೋ ಕಾಫಿನೋ ಎಂದು ಮಾತ್ರ!

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಹಾವೇರಿಯಲ್ಲಿ ಕಾಲೇಜು ಮುಗಿಸಿ ರಜೆಗೆ ಕಾಕಾನ ಮನೆಗೆ ಬಂದಿದ್ದೆ. ಈ ಸಲ ಎಲ್ಲಿಗೆ ಹೋಗೋಣ ಎಂದು ಟವೆಲ್ಲು ಹಾಸಿದ. ನಾನು ಗೋವಾಕ್ಕೆಂದು ಗೊತ್ತುಮಾಡಿದ್ದ ಬೆರಳನ್ನು ಅವನು ನೋವು ಎನ್ನುವಷ್ಟು ಒತ್ತಿದೆ. ನಂತರ ಚಿಗವ್ವನ ಕೈ ಹೋಯಿತು. ಕಾಕಾ ಕಾದ. ಮತ್ತೂ ಕಾದ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅವಳು ಯಾವ ಬೆರಳನ್ನೂ ಒತ್ತಿರಲಿಲ್ಲ.

ಚಿಗವ್ವ, ಅಂದರೆ ಕಾಕಾನ ಹೆಂಡತಿ, ಮೇಡ್ಲೇರಿಯವಳು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವಳು. ಅವಳ ಅಣ್ಣ ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದನಂತೆ. ಊರ ಗಂಡುಹುಡುಗರೆಲ್ಲ ಅವಳ ಹಿಂದೆಯೇ ದಡ ಮುಟ್ಟುತ್ತಿದ್ದರಂತೆ. ಹಿಂದಿನ ಮಳೆಗಾಲದಲ್ಲಿ ಆ ಅಣ್ಣ ಕಾಮಾಲೆಯಿಂದ ತೀರಿಕೊಂಡ. ಅಂದಿನಿಂದ ಅವಳು ತವರಿನ ಹಾದಿ ಹಿಡಿದಿರಲಿಲ್ಲ. ಅತ್ತಿಗೆ ಎಷ್ಟು ಸಲ ಹೇಳಿ ಕಳಿಸಿದರೂ, “ಅಣ್ಣಿಲ್ಲದ ತವರಿಗೆ ಏನಂತ ಹೋಗ್ಲಿ?” ಎನ್ನುತ್ತಿದ್ದಳು. ನಗುವುದನ್ನಂತೂ ಮರೆತೇಬಿಟ್ಟಿದ್ದಳು. ಕಾಕಾ ಅವಳೆದುರು ಎಷ್ಟು ಕೋಡಂಗಿ ಆಟ ಆಡಿದರೂ ಅಷ್ಟೇ.

ಅದೇ ವಾರ ಅಂಗಡಿಗೆ ಮುಂಬೈನ ವ್ಯಾಪಾರಿಯೊಬ್ಬ ಬಂದ. ಯಾವುದೋ ದ್ವೀಪಕ್ಕೆ ಹೋಗಿ ಬಂದ ಸಂಭ್ರಮ ಅವನಿಗೆ. ಇಳಿದ ಕೂಡಲೇ ಕೊರಳಿಗೆ ಹಾರವಂತೆ, ಮುಂಜಾನೆಯೆಲ್ಲ ಅಲ್ಲಿಯವರ ಹಾಡು ಕುಣಿತವಂತೆ, ಊಟವಾದ ಮೇಲೆ ತೆಂಗಿನ ಮರದ ಕೆಳಗಿನಿಂದ ಸೀದಾ ನೀರಾಟಕ್ಕಂತೆ! ಕಾಕಾ ಬಾಯಿ ತೆರೆದುಕೊಂಡು ಕೇಳಿದ. ಕೇಳಿ ಕೊನೆಗೆ ಹೇಳಿದ್ದು ಇಷ್ಟು:

“ಇದಕ್ಕ ವಿಮಾನ ಯಾಕ ಬೇಕ್ರಿ? ಬ್ಯಾಸಿಗ್ಯಾಗ ಮೇಡ್ಲೇರಿ ಹೊಳಿ ನಡುವ ಉಸುಕಿನ ದಿಬ್ಬ ಏಳತೈತಿ. ಸುತ್ತೂ ಕಡೆ ನೀರು, ನಡುವ ನೆಲ. ದ್ವೀಪ ಅಂದ್ರ ಮತ್ತೇನ್ರಿ?”

ರಾಣೆಬೆನ್ನೂರಿನ ಇಮಾಮಸಾಬರು ಕಾಕಾನ ಗೆಳೆಯರು, ಲಾರಿ ಮಾಲೀಕರು. “ಖರೇನ ನಿಮ್ಮ ತಲಿ ಕೆಟ್ಟೈತಿ ದೋಸ್ತ” ಎಂದರು. ಎಂದವರೇ ಲಾರಿ ಕೊಟ್ಟರು, ಲಾರಿಯ ಹಳೆಯ ಟ್ಯೂಬುಗಳಿಗೆ ಗಾಳಿ ತುಂಬಿಸಿ ಕೊಟ್ಟರು, ತಾವೂ ಬಂದು ಮುಂದೆ ಕುಳಿತರು. ಚಿಗವ್ವ ಮಾತ್ರ “ನಾ ಬರಂಗಿಲ್ರಿ” ಎಂದಳು.

“ನೀ ಹೊಳಿಗೆ ಇಳೀಬ್ಯಾಡ, ತವರಮನಿಗೂ ಹೋಗಬ್ಯಾಡ. ಬುತ್ತಿ ಗಂಟು ಕಾಯ್ಕೊಂತ ಕುಂದ್ರು. ನಾಯಿ ಬಂದ್ರ ಯಾರ ನೋಡೋರು?”

ನದಿಯ ನಡುವಿನ ದಿಬ್ಬಕ್ಕೆ ನಾಯಿ ಎಲ್ಲಿಂದ ಬರಬೇಕು? ಆದರೆ ಬುತ್ತಿ ಎಂದ ಮೇಲೆ ಚಿಗವ್ವ ಸೋತಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟಳು.

ಹರಗೋಲಿನಲ್ಲಿ ದಾಟುವಾಗ ದ್ವೀಪದ ಅರಸ ಮುಖದ ಮೇಲೆ ಟವೆಲ್ಲು ಹೊದ್ದು ತಳದಲ್ಲಿ ಅಂಗಾತ ಮಲಗಿದ್ದ. ದಡದಲ್ಲಿ ನಿಂತಿದ್ದ ಮುದುಕಿಯೊಬ್ಬಳು, “ಅಯ್ಯ ಶಿವನ! ಯಾರ ಹೆಣಾನವ್ವ?” ಎಂದು ಕೈ ಮುಗಿದಳು. ಟವೆಲ್ಲಿನ ಒಳಗಿಂದಲೇ ಉತ್ತರ ಬಂತು: “ಇನ್ನೂ ಆಗಿಲ್ಲಬೇ, ತಡಿ!”

ದ್ವೀಪ ಎಂದ ಮೇಲೆ ತೆಂಗಿನ ಮರ ಬೇಡವೇ? ಬಿದಿರಿನ ಗಳಗಳಿಗೆ ತೆಂಗಿನ ಗರಿ ಕಟ್ಟಿ ಉಸುಕಿನಲ್ಲಿ ನೆಟ್ಟದ್ದಾಯಿತು. ಸ್ವಾಗತಕ್ಕೆ ಹಾರ ಬೇಡವೇ? ಹರಗೋಲು ಇಳಿದವರ ಕೊರಳಿಗೆಲ್ಲ ಕೆಂಪು ಮೆಣಸಿನಕಾಯಿಯ ಹಾರ! ನಾನು ಹಿಂದೆ ಸರಿದು, “ಕಾಕಾ, ಕೊಳ್ಳು ಉರಿತೈತಿ!” ಎಂದೆ. ಅವನಿಗೆ ಸಿಟ್ಟೇ ಬಂತು. “ಬ್ಯಾಡಗಿ ಕಾಯವ್ವ ಇದು! ಬಣ್ಣ ಭಾಳ, ಖಾರ ಕಡಿಮಿ. ಉರಿಯಾಕ ಇದೇನ ಗುಂಟೂರ ಕಾಯೇನ? ಆ ಗುಂಟೂರ ಕಾಯಿ ನಾ ಅಂಗಡಿ ಮೆಟ್ಲ ಹತ್ತಗೊಡಂಗಿಲ್ಲ.” ನಿಜ. ಹಾರ ಹಾಕಿಕೊಂಡವರಿಗೆ ಏನೂ ಆಗಲಿಲ್ಲ.

ಸಾಂಸ್ಕೃತಿಕ ಕಾರ್ಯಕ್ರಮ ಶುರುವಾಯಿತು. ಮೇಡ್ಲೇರಿಯ ಹೆಣ್ಣುಮಕ್ಕಳು ಕೋಲಾಟ ಆಡಿದರು. ಡೊಳ್ಳಿನವರು ಬಾರಿಸಿದ ಹೊಡೆತಕ್ಕೆ ನಮ್ಮ ತೆಂಗಿನ ಮರಗಳು ಒಂದೊಂದಾಗಿ ಅಡ್ಡಬಿದ್ದವು. ಕಾಕಾ ಅಧ್ಯಕ್ಷೀಯ ಭಾಷಣ ಮಾಡುತ್ತ, “ನೀರಂದ್ರ ಯಾರೂ ಅಂಜಬಾರದು” ಎಂದು ನೀರಿನ ಕಡೆ ಬೆನ್ನು ಮಾಡಿ ನಿಂತು ಕರೆಕೊಟ್ಟ. ಊಟವಾದ ಮೇಲೆ ಟ್ಯೂಬಿನ ಮೇಲೆ ಕುಳಿತು ಹುಟ್ಟು ಹಾಕುವ ಪಂದ್ಯ. ಇಮಾಮಸಾಬರ ಟ್ಯೂಬು ಮುಂದೆ ಹೋಗದೆ ನಿಂತಲ್ಲೇ ಬುಗುರಿಯ ಹಾಗೆ ತಿರುಗಿತು. “ಯಾ ಅಲ್ಲಾ! ಯಾರರ ಬ್ರೇಕ್ ಹಾಕ್ರೋ!” ಎಂದು ಅವರು ಕೂಗಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಿಗವ್ವ ಬುತ್ತಿಯ ಗಂಟಿನ ಪಕ್ಕ, ನೀರಿನಿಂದ ದೂರ, ಮಂಡಿ ಅಪ್ಪಿಕೊಂಡು ಕುಳಿತೇ ಇದ್ದಳು. ಕಾಕಾ ಎಲ್ಲರನ್ನೂ ನಗಿಸುತ್ತ ನಡುನಡುವೆ ಅವಳ ಕಡೆಯೇ ನೋಡುತ್ತಿದ್ದ.

ಕೊನೆಗೆ ಸೀಟಿ ಊದಿ ಸಾರಿದ: “ಹೆಣ್ಣಮಕ್ಕಳ ಚೀಲದ ಓಟ! ಇದು ನೀರಾಗಲ್ಲ, ಉಸುಕಿನಾಗ!” ಆಮೇಲೆ ಹೆಂಡತಿಯ ಹತ್ತಿರ ಹೋಗಿ, “ಏ ಇಕಿ, ಜನದಾಗ ನನ್ನ ಮಾನ ಕಳೀಬ್ಯಾಡ. ನಾಕ ಹೆಜ್ಜಿ ಜಿಗಿ ಸಾಕು” ಎಂದು ಅಂಗಲಾಚಿದ. ಅವಳು ನಿಟ್ಟುಸಿರು ಬಿಟ್ಟು ಎದ್ದಳು. ನಾವೆಲ್ಲ ಚೀಲದೊಳಗೆ ಕಾಲಿಟ್ಟು ಸೊಂಟದವರೆಗೆ ಎಳೆದುಕೊಂಡೆವು. ಸೀಟಿ ಆಯಿತು. ನಾಲ್ಕು ಹೆಜ್ಜೆ ಜಿಗಿದೆವೋ ಇಲ್ಲವೋ, ಅಯ್ಯಯ್ಯಪ್ಪ! ಪಾದ, ಮೀನಖಂಡ, ಮಂಡಿ, ಎಲ್ಲ ಕಡೆ ಬೆಂಕಿ! ಚೀಲ ಕಿತ್ತೆಸೆದು “ಯವ್ವಾ, ಸತ್ನೆ!” ಎನ್ನುತ್ತ ಎಲ್ಲರೂ ಹೊಳೆಗೆ ಬಿದ್ದೆವು. ಎಲ್ಲರಿಗಿಂತ ಮುಂದೆ ಬಿದ್ದವಳು ಚಿಗವ್ವ!

ನಾವು ಮೊಣಕಾಲ ನೀರಿನಲ್ಲಿ ಕುಣಿಯುತ್ತಿದ್ದೆವು. ಅವಳು ಸೊಂಟದ ನೀರಿಗೆ ಹೋಗಿ ಸುಮ್ಮನೆ ನಿಂತಳು. ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಾಕಿಕೊಂಡಳು. ಒಮ್ಮೆ ಗಟ್ಟಿಯಾಗಿ ಅತ್ತಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಕಚ್ಚೆ ಕಟ್ಟಿ, ಮುಂದಕ್ಕೆ ಬಾಗಿದಳು ನೋಡಿ! ಡೊಳ್ಳಿನವರ ಕೈ ನಿಂತುಹೋಯಿತು. ಅಗಲವಾಗಿ ಕೈ ಬೀಸುತ್ತ, ದಿಬ್ಬವನ್ನು ಬಳಸಿ, ಆಚೆಯ ತಿರುವಿನಲ್ಲಿ ಕಾಣದಾದಳು.

ಕಾಕಾನ ಮುಖ ಬಿಳಿಚಿತು. “ಲೇ, ಸಾಕು! ಬಾರೇ!” ಎಂದು ಕೂಗಿದ. ಸೀಟಿ ಊದಿದ. ಆಗ ಸೇತುವೆಯ ಮೇಲೂ ಕಣ್ಣು ಮುಚ್ಚುವ ನಮ್ಮ ಕಾಕಾ, ಕಣ್ಣು ತೆರೆದುಕೊಂಡೇ ನೀರಿಗೆ ಇಳಿದ! ಧೋತರ ತೇಲಿತು, ಎದೆಯವರೆಗೆ ನೀರು ಬಂತು, ಸೀಟಿಯೊಳಗೆ ನೀರು ಹೊಕ್ಕು ಗುಳುಗುಳು ಎಂದಿತು. ಆದರೂ ಮುಂದೆಯೇ ಹೋಗುತ್ತಿದ್ದ. ಅಷ್ಟರಲ್ಲಿ ದಿಬ್ಬವನ್ನು ಸುತ್ತಿ ಬಂದ ಚಿಗವ್ವ ಅವನ ಬೆನ್ನ ಹಿಂದೆ ಎದ್ದು ನಿಂತಳು.

“ಏನ್ರೀ, ಎಲ್ಲಿ ಹೊಂಟೀರಿ?”

ಕೇಳಿ, ತಡೆಯಲಾರದೆ ನಕ್ಕಳು. ಅಣ್ಣ ಹೋದ ಮೇಲೆ ಮೊದಲ ಸಲ ನಕ್ಕ ನಗು ಅದು. ಅವನ ರಟ್ಟೆ ಹಿಡಿದು, ಎಮ್ಮೆ ಎಳೆದ ಹಾಗೆ ದಡಕ್ಕೆ ಎಳೆದು ತಂದಳು. ಆಮೇಲೆ ಅವಳೇ, “ಅತ್ತಿಗೆವ್ವನ ಮಾರಿ ನೋಡಿ ಹೋಗೂಣ್ರಿ” ಎಂದಳು.

ಅವರು ತವರಮನೆಯೊಳಗೆ ಇದ್ದಾಗ ನಾನು ಹೊರಗೆ ಲಾರಿಯ ಹತ್ತಿರ ಕಾಲು ತಿಕ್ಕಿಕೊಳ್ಳುತ್ತ ನಿಂತಿದ್ದೆ. ಇಮಾಮಸಾಬರು ಮೆಲ್ಲಗೆ ಹೇಳಿದರು:

“ಗುಂಟೂರ ಕಾಯಿ ಚೀಲ ಅವು. ನನ್ನ ಲಾರಿ ತಂದದ್ದು. ನಿನ್ನಿ ನಿಮ್ಮ ಕಾಕಾನ ಬಂದು ಕೇಳಿ ಇಸ್ಕೊಂಡ್ರು. ಝಾಡಿಸಿ ಖಾರ ಉದುರಿಸಿ ಕೊಡ್ತೇನ್ರಿ ಅಂದ್ರ, ‘ಬ್ಯಾಡ ದೋಸ್ತ, ಹಂಗ ಇರ್ಲಿ’ ಅಂದ್ರು.”

ಬಣ್ಣ ಭಾಳ, ಖಾರ ಕಡಿಮಿ ಎಂದು ನಾನು ಕಾಕಾನನ್ನು ಎಷ್ಟು ಕಡಿಮೆ ಅಳೆದಿದ್ದೆ!

ಸಂಜೆ ಲಾರಿ ಬ್ಯಾಡಗಿಯ ಕಡೆ ಹೊರಟಿತು. ಹಿಂದೆ ಟ್ಯೂಬುಗಳಿಗೆ ಒರಗಿಕೊಂಡು ನಾವು ಕುಳಿತಿದ್ದೆವು. ಚಿಗವ್ವನ ಕೂದಲು ಇನ್ನೂ ಒದ್ದೆ. ಹಲಗೇರಿ ದಾಟಿದ ಮೇಲೆ ಅವಳು ಮೆಲ್ಲಗೆ, “ಟವೆಲ್ ಹಾಸ್ರಿ” ಎಂದಳು. ಕಾಕಾ ಆ ಹಸಿ ಟವೆಲ್ಲನ್ನೇ ಇಬ್ಬರ ನಡುವೆ ಹಾಸಿದ. ಅವಳ ಕೈ ಒಳಗೆ ಹೋಯಿತು. ಏನು ಒತ್ತಿದಳೋ, ಎಷ್ಟು ಬೆರಳು ಒತ್ತಿದಳೋ, ಮೂರನೆಯವಳಾದ ನನಗೆ ಗೊತ್ತಾಗಲಿಲ್ಲ. ವ್ಯವಹಾರ ಮುಗಿದ ಕೂಡಲೇ ಟವೆಲ್ಲು ಕೊಡವಿ ಹೆಗಲಿಗೇರಿಸುವ ಕಾಕಾ, ಬ್ಯಾಡಗಿ ಬರುವವರೆಗೂ ಅದನ್ನು ತೆಗೆಯಲೇ ಇಲ್ಲ.