ಗಂಡಸಿನ ಲಿವರ್, ಹೆಂಗಸಿನ ಮಾತ್ರೆ

ನುಂಗಿದ ಮಾತ್ರೆಯನ್ನು ಲಿವರ್ ಎಷ್ಟು ಹೊತ್ತಿನಲ್ಲಿ ಕರಗಿಸಿ ಸಾಗಹಾಕುತ್ತದೆ ಎಂದು ಅಳೆಯುವುದು ಅಮೆರಿಕದ ಬಾಥೆಲ್ ಊರಿನ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಇದರಲ್ಲಿ ನಗುವುದಕ್ಕೇನಿದೆ ಎನ್ನುವವರಿದ್ದಾರೆ. ಈ ವಿಷಯದಲ್ಲಿ ಗಂಡಸೂ ಹೆಂಗಸೂ ಒಂದೇ ಅಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ, ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ.

ಏರುಪೇರು

ನಮ್ಮ ಕಂಪನಿಯ ಹೊಸ ಔಷಧಿ ಒಂದು ಬಗೆಯ ಕೀಲುನೋವಿಗೆ. ಆ ನೋವು ಹೆಚ್ಚಾಗಿ ಹಿಡಿಯುವುದು ಹೆಂಗಸರನ್ನು. ಅದನ್ನು ಪರೀಕ್ಷಿಸಲು ದಾನಿಗಳ ಲಿವರಿನ ಜೀವಕೋಶ ತರಿಸಬೇಕು. ಆರ್ಡರಿನ ಪಟ್ಟಿ ನೋಡಿದೆ. ಹತ್ತು ದಾನಿಗಳು, ಹತ್ತೂ ಗಂಡಸರು.

ಮ್ಯಾನೇಜರ್ ಮೈಸೂರಿನವರು. ಹೆಂಗಸರದ್ದು ಯಾಕಿಲ್ಲ ಎಂದು ಕೇಳಿದೆ. ಹೆಂಗಸರಲ್ಲಿ ಹಾರ್ಮೋನಿನ ಏರುಪೇರು ಜಾಸ್ತಿ, ಫಲಿತಾಂಶ ಕೆಡುತ್ತದೆ ಎಂದರು. ಪಾರ್ಕಿಂಗ್ ಜಾಗ ಸಿಗಲಿಲ್ಲವೆಂದು ಅದೇ ಬೆಳಿಗ್ಗೆ ಅರ್ಧ ಗಂಟೆ ಕೂಗಾಡಿದ್ದ ಮಹಾನುಭಾವರು ಇವರೇ.

"ಮಾತ್ರೆ ನುಂಗೋರು ಹೆಂಗಸರಲ್ವಾ ಸರ್?" ಎಂದೆ.

"ಮೊದ್ಲು ಗಂಡಸರಿಗೆ ಸರಿಹೋಗ್ಲಿ. ಹೆಂಗಸರು ಹೇಗೂ ಅಡ್ಜಸ್ಟ್ ಮಾಡ್ಕೋತಾರೆ."

ಅರ್ಧದಷ್ಟಾದರೂ ಹೆಂಗಸರದ್ದು ಇರಲೇಬೇಕು ಎಂದು ಹಟ ಹಿಡಿದೆ. ನಾನು ರಜೆ ಹಾಕಿ ಬೆಂಗಳೂರಿಗೆ ಹೊರಟಿದ್ದೆ. ನೀವು ಹೋಗಿ ಬಂದ ಮೇಲೆ ಮೀಟಿಂಗ್ ಕರೆದು ತೀರ್ಮಾನಿಸೋಣ ಎಂದರು.

ಪಾಸು ಫೇಲು

ಹೊರಡುವ ಮುಂಚಿನ ಶನಿವಾರ ಹತ್ತಿರದ ಊರು ಇಸ್ಸಾಕ್ವಾದಲ್ಲಿರುವ ಗೆಳತಿಯ ಮನೆಯಲ್ಲಿ ಊಟ. ನನಗೆ ಬಿಸಿಬೇಳೆಬಾತ್ ಬಡಿಸುವ ಮೊದಲೇ ಆಕೆಯ ಗಂಡ ಎರಡು ಲಿವರ್ ಟೆಸ್ಟಿನ ರಿಪೋರ್ಟು ತಂದು ಹಿಡಿದರು. ಒಂದು ಅವರದು, ಒಂದು ಹೆಂಡತಿಯದು. ಎರಡರಲ್ಲೂ ಒಂದು ಕಿಣ್ವದ ಅಂಕೆ ಮೂವತ್ತೆಂಟು. ಅವರದರಲ್ಲಿ ಏನೂ ಗುರುತಿಲ್ಲ, ಹೆಂಡತಿಯ ಮೂವತ್ತೆಂಟು ಮಾತ್ರ ಕೆಂಪಗಿದೆ.

ಲ್ಯಾಬಿನವರು ತಪ್ಪು ಮಾಡಿದ್ದಾರೆ ಎನ್ನುವುದು ಅವರ ವಾದ. ತಪ್ಪಲ್ಲ, ಹೆಂಗಸರಿಗೆ ಮಿತಿಯೇ ಕಡಿಮೆ, ಅದಕ್ಕೇ ಅದೇ ಅಂಕೆ ಆಕೆಗೆ ಹೆಚ್ಚು, ಡಾಕ್ಟರಿಗೆ ತೋರಿಸಿ ಎಂದೆ. ಆಗ ಅಡುಗೆಮನೆಯಿಂದ ಗೆಳತಿ ಹೇಳಿದಳು:

"ಇಬ್ಬರೂ ಒಂದೇ ಮಾರ್ಕ್ಸ್ ತೆಗೆದ್ರೂ ಇವರು ಪಾಸು, ನಾನು ಫೇಲು. ನಮ್ಮತ್ತೆ ಮೊದಲಿನಿಂದ ಇದೇ ಅಳತೆ ಇಟ್ಕೊಂಡಿದಾರೆ. ಲ್ಯಾಬಿನವರಿಗೆ ಈಗ ಗೊತ್ತಾಗಿದೆ."

ಸಮಾನತೆ

ಬೆಂಗಳೂರಿಂದ ವಾಪಸಾದ ರಾತ್ರಿ ಹಗಲು ರಾತ್ರಿ ಅದಲುಬದಲಾಗಿ ನನಗೂ ನನ್ನ ಗಂಡನಿಗೂ ನಿದ್ದೆ ಹತ್ತಲಿಲ್ಲ. ನಾವು ಊರಿಗೆ ಹೊರಡುವ ಮೊದಲೇ ಡಾಕ್ಟರು ಇಬ್ಬರಿಗೂ ಒಂದೇ ನಿದ್ದೆಮಾತ್ರೆ ಬರೆದುಕೊಟ್ಟಿದ್ದರು. ಅವರಿಗೆ ಪೂರ್ತಿ ಡೋಸು, ನನಗೆ ಅರ್ಧ. ಹೆಂಗಸರ ಮೈಯಿಂದ ಆ ಮದ್ದು ನಿಧಾನವಾಗಿ ಇಳಿಯುತ್ತದೆ, ಬೆಳಿಗ್ಗೆಯೂ ಉಳಿದಿರುತ್ತದೆ. ನನ್ನ ಮಾತ್ರೆಗಳಿದ್ದ ಸೂಟ್‌ಕೇಸು ನಮ್ಮ ವಿಮಾನದಲ್ಲಿ ಬಂದಿರಲಿಲ್ಲ.

"ನನ್ನದೇ ತಗೋ. ಅರ್ಧ ಯಾಕೆ? ನಮ್ಮನೇಲಿ ಗಂಡು ಹೆಣ್ಣು ಸಮಾನ ಅಲ್ವಾ?" ಎಂದರು.

ಮದುವೆಯಾದಾಗಿನಿಂದ ಒಂದು ಕುಕ್ಕರ್ ತೊಳೆಯದ ಮನುಷ್ಯನ ಬಾಯಲ್ಲಿ ಸಮಾನತೆ! ಅರ್ಧ ಮುರಿಯಲು ಸೋಮಾರಿತನವಾಗಿ ಪೂರ್ತಿ ನುಂಗಿದೆ. ಇದನ್ನೇ ಅಳೆಯುವವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಬೆಳಿಗ್ಗೆ ಅವರು ಆರಕ್ಕೆದ್ದು ವಾಕಿಂಗ್ ಮುಗಿಸಿ ಹಾಡು ಗುನುಗುತ್ತಿದ್ದರು. ನಾನು ಟೂತ್‌ಪೇಸ್ಟ್ ಹಚ್ಚಿದ ಬ್ರಷ್ಷಿನಿಂದ ತಲೆ ಬಾಚಲು ಹೊರಟಿದ್ದೆ.

ಒಪ್ಪಿಗೆ

ಕಾರು ಮುಟ್ಟುವ ಧೈರ್ಯವಾಗದೆ ಮನೆಯಿಂದಲೇ ಲ್ಯಾಪ್‌ಟಾಪ್ ಮುಂದೆ ಕೂತೆ. ಅವತ್ತೇ ಆ ಮೀಟಿಂಗ್. ಶುರುವಾದದ್ದು ನೆನಪಿದೆ, ಮುಗಿದದ್ದು ನೆನಪಿಲ್ಲ. ಮಧ್ಯಾಹ್ನ ಮೀಟಿಂಗಿನ ವರದಿ ಓದಿದೆ. ಗಂಡಸರ ಜೀವಕೋಶವೇ ಸಾಕೇ ಎಂದು ಮ್ಯಾನೇಜರ್ ಕೇಳಿದಾಗ, ಮೊದಲು ಆಕ್ಷೇಪಣೆ ಎತ್ತಿದ್ದ ನಾನೇ ಮೂರು ಸಲ ತಲೆಯಾಡಿಸಿ ಒಪ್ಪಿದೆನಂತೆ. ನನ್ನ ಸಹಕಾರಕ್ಕೆ ಕೊನೆಯಲ್ಲಿ ಒಂದು ಸಾಲಿನ ಕೃತಜ್ಞತೆ ಬೇರೆ.

ನನಗೆ ಮೈಯೆಲ್ಲ ಉರಿಯಿತು. ಮರುದಿನ ನೇರವಾಗಿ ಮ್ಯಾನೇಜರ ಕೋಣೆಗೆ ನುಗ್ಗಿದೆ. ಅದು ಒಪ್ಪಿಗೆಯಲ್ಲ, ತೂಕಡಿಕೆ ಎಂದೆ. ಗಂಡಸಿನ ಡೋಸು ಹೆಂಗಸಿನ ಹೊಟ್ಟೆಗೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ನನಗಿಂತ ಸಾಕ್ಷಿ ಬೇಕೇ, ಗಂಡನ ನಿದ್ದೆಮಾತ್ರೆ ಪೂರ್ತಿ ನುಂಗಿ ಕೂತಲ್ಲೇ ನಿದ್ದೆಹೋದೆ, ಆರ್ಡರ್ ಬದಲಾಯಿಸಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಅವರು ಗಂಭೀರವಾಗಿ ಕೇಳಿಸಿಕೊಂಡರು. ಪೆನ್ನು ತೆಗೆದರು. ಗೆದ್ದೆ ಅಂದುಕೊಂಡೆ.

"ನಿಮ್ಮ ಯಜಮಾನರೂ ಅದೇ ಮಾತ್ರೆ ತಗೊಂಡ್ರಾ?"

"ಹೌದು ಸರ್."

"ಬೆಳಿಗ್ಗೆ ಅವರು ಹೇಗಿದ್ರು?"

"ಆರಕ್ಕೆದ್ದು ವಾಕಿಂಗ್ ಹೋಗಿದ್ರು."

ಅವರು ನೆಮ್ಮದಿಯಿಂದ ಪೆನ್ನಿನ ಮುಚ್ಚಳ ಹಾಕಿದರು.

"ಮತ್ತೆ? ಮಾತ್ರೆ ಸರಿಯಾಗೇ ಇದೆಯಲ್ಲ."